ತುರುಬಿನಲ್ಲಿ ತಂದದ್ದು

ನಮ್ಮ ಹೆಂಗಸರ ಮಟ್ಟಿಗೆ ಲಂಕೆಯೆಂದರೆ ಸೀತೆ ಅತ್ತ ಊರು. ಹರಿಕಥೆಯಲ್ಲಿ, ಯಕ್ಷಗಾನದಲ್ಲಿ, ಅಜ್ಜಿ ತುತ್ತು ತಿನ್ನಿಸುತ್ತ ಹೇಳಿದ ಕಥೆಯಲ್ಲಿ ನಾವು ಆ ದ್ವೀಪವನ್ನು ಕಂಡದ್ದು ಒಂದೋ ಅಶೋಕವನದ ಮರದ ಕೆಳಗೆ ಕುಳಿತವಳ ಕಣ್ಣಿನಿಂದ, ಇಲ್ಲವೇ ಬಾಲದ ಬೆಂಕಿ ಹಿಡಿದು ಸೂರಿನಿಂದ ಸೂರಿಗೆ ಹಾರಿದವನ ಕಣ್ಣಿನಿಂದ. ಆಮೇಲೆ ರೇಡಿಯೋ ಸಿಲೋನ್ ಬಂತು. ಅಡುಗೆಮನೆಯ ಕಿಟಕಿಯಲ್ಲಿ ಕುಳಿತು ಹಿಂದಿ ಹಾಡು ಹಾಡಿತು. ಅಷ್ಟು ಬಿಟ್ಟರೆ ಪಕ್ಕದ ಮನೆಯಂತಿರುವ ಆ ದೇಶದ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ. ಹತ್ತು ದಿನ ಕಾರಿನಲ್ಲಿ ಸುತ್ತಿ ಬಂದ ಮೇಲೆ ನನಗೆ ಅನ್ನಿಸಿದ್ದು ಇದು: ಲಂಕೆಗೆ ಯಾರೋ ಹೊತ್ತೊಯ್ದ ಒಬ್ಬಳ ಕಥೆ ನಮಗೆ ಬಾಯಿಪಾಠವಾಗಿದೆ. ತಾವೇ ಏನನ್ನೋ ಹೊತ್ತುಕೊಂಡು ಅಲ್ಲಿಗೆ ಹೋದ ಹೆಂಗಸರ ಕಥೆ ಮಾತ್ರ ನಮ್ಮ ಕಿವಿಗೆ ಬಿದ್ದಿಲ್ಲ.

ಹೋದದ್ದು 2023ರ ಫೆಬ್ರವರಿಯಲ್ಲಿ, ನಾನು ಮತ್ತು ನನ್ನ ಅಕ್ಕ. ಅಕ್ಕನಿಗೆ ಆಗ ಎಪ್ಪತ್ತು. ಭಾವ ತೀರಿಕೊಂಡು ಎರಡು ವರ್ಷವಾಗಿತ್ತು. ತೀರ್ಥಹಳ್ಳಿ ಕಡೆಯ ದೊಡ್ಡ ಮನೆ, ಮೂರೆಕರೆ ಅಡಿಕೆ ತೋಟ, ಅದರ ನಡುವೆ ಅವಳೊಬ್ಬಳು. ಮಕ್ಕಳಲ್ಲಿ ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ಅಮೆರಿಕದಲ್ಲಿ. ‘ಮಾರಿಬಿಡಮ್ಮ, ಬಂದುಬಿಡು’ ಎಂದು ಇಬ್ಬರೂ ಫೋನಿನಲ್ಲಿ ಹೇಳುತ್ತಿದ್ದರು. ಒಳ್ಳೆಯ ಮಕ್ಕಳೇ, ಅವರ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಅಕ್ಕ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ‘ಯುಗಾದಿಯೊಳಗೆ ಹೇಳ್ತೀನಿ’ ಎಂದಿದ್ದಳು. ಯುಗಾದಿಗೆ ಇನ್ನೊಂದು ತಿಂಗಳಿತ್ತು. ಹುಟ್ಟಿದಾರಭ್ಯ ಧರ್ಮಸ್ಥಳ, ಶೃಂಗೇರಿ, ಒಮ್ಮೆ ಕಾಶಿ ಬಿಟ್ಟರೆ ಎಲ್ಲಿಗೂ ಹೋಗದವಳನ್ನು ನಾನು ಎಬ್ಬಿಸಿಕೊಂಡು ಹೊರಟಿದ್ದು ಆ ಒಂದು ತಿಂಗಳ ಭಾರವನ್ನು ಸ್ವಲ್ಪ ಹಗುರ ಮಾಡಲಿಕ್ಕೆ.

ಶ್ರೀಲಂಕೆ ದೊಡ್ಡ ದೇಶವಲ್ಲ. 65,610 ಚದರ ಕಿಲೋಮೀಟರು, ನಮ್ಮ ಕರ್ನಾಟಕದ ಮೂರರಲ್ಲೊಂದು ಪಾಲಿಗಿಂತ ಒಂದಿಷ್ಟು ಹೆಚ್ಚು. ಅಷ್ಟರಲ್ಲೇ ಯುನೆಸ್ಕೋ ವಿಶ್ವ ಪರಂಪರೆಯೆಂದು ಗುರುತಿಸಿದ ಎಂಟು ತಾಣಗಳಿವೆ. ಆರು ಮನುಷ್ಯ ಕಟ್ಟಿದ್ದು, ಎರಡು ಪ್ರಕೃತಿಯದು. ರಸ್ತೆಗಳು ನುಣುಪು, ನಮ್ಮಂತೆಯೇ ಎಡಗಡೆ ಸಂಚಾರ. ಬಾಡಿಗೆ ಕಾರಿನ ಚಾಲಕ ಕ್ಯಾಂಡಿಯ ಕಡೆಯವನು, ನಲವತ್ತರ ಆಸುಪಾಸು. ಮೊದಲ ದಿನವೇ ನಮ್ಮನ್ನು ‘ಅಕ್ಕಾ’ ಎಂದು ಕರೆದ. ನಾವು ಬೆರಗಾದೆವು. ಸಿಂಹಳದಲ್ಲೂ ಅಕ್ಕ ಅಕ್ಕನೇ, ಅಮ್ಮ ಅಮ್ಮನೇ, ತಂಗಿ ‘ನಂಗಿ’. ತಮ್ಮ ಮಾತ್ರ ‘ಮಲ್ಲಿ’. ಹುರಿಮೀಸೆಯ ಆ ಗಂಡಸನ್ನು ಹತ್ತು ದಿನ ‘ಮಲ್ಲಿ, ಮಲ್ಲಿ’ ಎಂದು ಕರೆಯುವಾಗ ಅಕ್ಕನಿಗೆ ಪ್ರತಿ ಸಲವೂ ನಗು ಬರುತ್ತಿತ್ತು. ಭಾವ ಹೋದ ಮೇಲೆ ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. 2022ರಲ್ಲಿ ದೇಶದ ಹಣಕಾಸು ಕುಸಿದಾಗ ಪೆಟ್ರೋಲಿಗಾಗಿ ಎರಡು ಹಗಲು ಎರಡು ರಾತ್ರಿ ಇದೇ ಕಾರಿನಲ್ಲಿ ಸಾಲಿನಲ್ಲಿ ಮಲಗಿದ್ದನ್ನು ಅವನು ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದ, ಯಾರ ಮೇಲೂ ದೂರದೆ.

ತೆಂಗಿನ ತೋಟಗಳ ನಡುವೆ ಅರ್ಧ ದಿನ ಸಾಗಿ ಅನುರಾಧಪುರ ಸೇರಿದೆವು. ಸಾವಿರ ವರ್ಷಕ್ಕೂ ಮೀರಿ ರಾಜಧಾನಿಯಾಗಿದ್ದ ಊರು. ಇಲ್ಲಿನ ಜೇತವನ ಸ್ತೂಪಕ್ಕೆ ಒಂಬತ್ತು ಕೋಟಿಗೂ ಹೆಚ್ಚು ಇಟ್ಟಿಗೆ ಹಿಡಿದಿದೆಯಂತೆ. ಕಟ್ಟಿದ ಕಾಲಕ್ಕೆ ಈಜಿಪ್ಟಿನ ಎರಡು ದೊಡ್ಡ ಪಿರಮಿಡ್ಡುಗಳನ್ನು ಬಿಟ್ಟರೆ ಲೋಕದಲ್ಲಿ ಅದಕ್ಕಿಂತ ಎತ್ತರದ್ದು ಇರಲಿಲ್ಲವೆನ್ನುತ್ತಾರೆ. ಆದರೆ ಜನ ಬರುವುದು ಆ ಇಟ್ಟಿಗೆಗಾಗಿ ಅಲ್ಲ, ಒಂದು ಅರಳಿಮರಕ್ಕಾಗಿ. ಬಿಳಿ ಬಟ್ಟೆಯುಟ್ಟು, ಕೈಯಲ್ಲಿ ನೀಲಿ ನೈದಿಲೆ ಹಿಡಿದು, ಬರಿಗಾಲಿನಲ್ಲಿ ಸಾಲುಗಟ್ಟಿ ಬರುತ್ತಾರೆ. ಕಟ್ಟೆಯ ಮೇಲೆ, ಬೇಲಿಯೊಳಗೆ, ಬಂಗಾರದ ಬಣ್ಣದ ಊರುಗೋಲುಗಳ ಮೇಲೆ ಕೊಂಬೆಯೂರಿ ಮುದುಕಿಯಂತೆ ನಿಂತಿದೆ ಆ ಮರ. ಮನುಷ್ಯರು ನೆಟ್ಟು, ನೆಟ್ಟ ಕಾಲವೂ ತಿಳಿದಿರುವ ಮರಗಳಲ್ಲಿ ಜಗತ್ತಿನಲ್ಲೇ ಹಳೆಯದು. ಕ್ರಿಸ್ತಪೂರ್ವ 3ನೇ ಶತಮಾನದ್ದು.

ತಂದವಳು ಅಶೋಕನ ಮಗಳು ಸಂಘಮಿತ್ತೆ. ‘ಮಹಾವಂಶ’ ಎಂಬ ಲಂಕೆಯ ಹಳೆಯ ಚರಿತ್ರೆ ಅದನ್ನು ವಿಸ್ತಾರವಾಗಿ ಹೇಳುತ್ತದೆ. ಅಣ್ಣ ಮಹಿಂದ ಮೊದಲೇ ಬಂದು ಧರ್ಮ ಬೋಧಿಸಿದ್ದ. ಅರಮನೆಯ ಅನುಲಾ ಎಂಬವಳು ಐನೂರು ಹೆಂಗಸರೊಡನೆ ಬಂದು ತಮಗೂ ದೀಕ್ಷೆ ಬೇಕೆಂದು ಕೇಳಿದಳು. ಗಂಡಸಾದ ತಾನು ಹೆಂಗಸರಿಗೆ ದೀಕ್ಷೆ ಕೊಡಲಾರೆ, ಪಾಟಲಿಪುತ್ರದಿಂದ ತಂಗಿಯನ್ನು ಕರೆಸಿ ಎಂದನಂತೆ ಮಹಿಂದ. ಹಾಗೆ ಬಂದಳು ಸಂಘಮಿತ್ತೆ, ಬುದ್ಧಗಯೆಯ ಬೋಧಿವೃಕ್ಷದ ಕೊಂಬೆಯನ್ನು ಹಡಗಿನಲ್ಲಿಟ್ಟುಕೊಂಡು. ತಿರುಗಿ ತವರಿಗೆ ಹೋಗಲಿಲ್ಲ. ಇವಳ ಅಪ್ಪನ ಮಾತು ಕೊರೆದ ಬಂಡೆಗಳು ನಮ್ಮಲ್ಲೂ ಇವೆ: ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ, ಕೊಪ್ಪಳದಲ್ಲಿ, ಮಸ್ಕಿಯಲ್ಲಿ. 1915ರಲ್ಲಿ ಸಿಕ್ಕಿದ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಪ್ಪನ ಬಂಡೆ ನಮ್ಮಲ್ಲಿ, ಮಗಳ ಮರ ಅವರಲ್ಲಿ.

ಮೂಲದ ಮರ ಏನಾಯಿತು ಎಂದು ಅಕ್ಕ ಕೇಳಿದಳು. ಗಯೆಯ ಮರ ಹಲವು ಸಲ ನಾಶವಾಗಿ ಹಲವು ಸಲ ಚಿಗುರಿದ್ದು. 1876ರ ಬಿರುಗಾಳಿಗೆ ಮತ್ತೆ ಉರುಳಿತು, ಈಗಿರುವುದು ಅದಾದ ಮೇಲೆ ನೆಟ್ಟದ್ದು ಎಂದೆ. ‘ಹಾಗಾದ್ರೆ ತಾಯಿಮರ ಹೋಯ್ತು, ಕಿತ್ತುಕೊಂಡು ಹೋದ ಕೊಂಬೆ ಉಳೀತು’ ಎಂದಳು. ಸೋಮವತಿ ಅಮಾವಾಸ್ಯೆಗೆ ನೂರೆಂಟು ಪ್ರದಕ್ಷಿಣೆ ಹಾಕುವ ಕಾಲು ಅವಳದು. ಆ ದಿನ ಒಂದೇ ಸುತ್ತು ಬಂದು ಮರಳಿನ ಮೇಲೆ ಕುಳಿತುಬಿಟ್ಟಳು. ಮಾತಿನ ಹಿಂದೆ ಯಾವ ಲೆಕ್ಕ ನಡೆಯುತ್ತಿದೆಯೆಂದು ನನಗೆ ತಿಳಿಯಿತು. ನಾನು ಕೆದಕಲಿಲ್ಲ.

ಈ ಶಾಂತವಾದ ಜಾಗದಲ್ಲೇ 1985ರ ಮೇ 14ರಂದು ಎಲ್‌ಟಿಟಿಇ ಬಂದೂಕುಧಾರಿಗಳು ಯಾತ್ರಿಕರ ಮೇಲೆ ಗುಂಡು ಹಾರಿಸಿದ್ದರು. ಆ ದಿನ ಊರಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಎರಡು ವರ್ಷ ಮೊದಲು, 1983ರ ಜುಲೈನಲ್ಲಿ, ಕೊಲಂಬೊದಲ್ಲಿ ತಮಿಳರ ಮನೆ ಅಂಗಡಿಗಳು ಉರಿದಿದ್ದವು. ಯುದ್ಧ ಮುಗಿದದ್ದು 2009ರಲ್ಲಿ. ಎರಡೂ ಕಡೆಯ ತಾಯಂದಿರು ಕಳೆದುಕೊಂಡದ್ದು ಯಾವ ಪರಂಪರೆಯ ಪಟ್ಟಿಯಲ್ಲೂ ಇಲ್ಲ.

ಅನುರಾಧಪುರದಿಂದ ದಕ್ಷಿಣಕ್ಕೆ ಬರುವಾಗ ಮಲ್ಲಿ ಕಾಲ ವೆವದ ಏರಿಯ ಮೇಲೆ ಕಾರು ನಿಲ್ಲಿಸಿದ. ವೆವ ಎಂದರೆ ಕೆರೆ. 5ನೇ ಶತಮಾನದಲ್ಲಿ ಧಾತುಸೇನನೆಂಬ ರಾಜ ಕಟ್ಟಿಸಿದ್ದು. ಇಲ್ಲಿಂದ ಅನುರಾಧಪುರಕ್ಕೆ ನೀರು ಒಯ್ದ ಕಾಲುವೆ ಎಂಬತ್ತು ಕಿಲೋಮೀಟರಿಗೂ ಉದ್ದ; ಮೊದಲ ಹದಿನೇಳು ಮೈಲಿಯಲ್ಲಿ ಅದರ ಇಳಿಜಾರು ಮೈಲಿಗೆ ಬರೀ 6 ಅಂಗುಲ. ಈ ರಾಜನನ್ನು ಮಗ ಕಾಶ್ಯಪನೇ ಸೆರೆಹಿಡಿದು ನಿಧಿ ಎಲ್ಲಿ ಎಂದು ಪೀಡಿಸಿದಾಗ, ಮುದುಕ ಈ ಕೆರೆಗೆ ಬಂದು ನೀರಿಗಿಳಿದು ಬೊಗಸೆಯಲ್ಲಿ ಎತ್ತಿ ತೋರಿಸಿ, ನನ್ನ ಐಶ್ವರ್ಯ ಇಷ್ಟೇ ಎಂದನಂತೆ. ಮಗ ಅವನನ್ನು ಕೊಲ್ಲಿಸಿದ. ಕೆರೆಗೆ ಹಾರವಾದ ಭಾಗೀರಥಿಯ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ನೀರಿಗೆ ಜೀವ ತೆತ್ತವರು ಎಲ್ಲ ಊರಲ್ಲೂ ಇದ್ದಾರೆ. ಅಕ್ಕ ಮಾತ್ರ ತೂಬಿನ ಹತ್ತಿರ ನಿಂತು, ‘ತೋಟಕ್ಕೆ ಈ ವಾರ ನೀರು ಬಿಟ್ಟರೋ ಇಲ್ಲವೋ’ ಎಂದು ಊರಿಗೆ ಫೋನು ಮಾಡಿದಳು.

ಆ ಕಾಶ್ಯಪ ಹೆದರಿ ಹೋಗಿ ಕೋಟೆ ಕಟ್ಟಿಕೊಂಡದ್ದೇ ಸಿಗಿರಿಯ. ಬಯಲಿನ ನಡುವೆ ಇನ್ನೂರು ಮೀಟರಿನಷ್ಟು ನೆಟ್ಟಗೆ ಎದ್ದ ಬಂಡೆ, ಸಾವಿರದ ಇನ್ನೂರರಷ್ಟು ಮೆಟ್ಟಿಲು. ಕಣಜದ ಹುಳುಗಳು ಏಳುತ್ತವೆ, ಸದ್ದು ಮಾಡಬೇಡಿ ಎಂದು ಬೋರ್ಡು ಹಾಕಿದ್ದಾರೆ. ನಾವು ಹೋದಾಗ ಸಾರ್ಕ್ ದೇಶದವರಿಗೆ ಅರ್ಧ ಟಿಕೇಟು. ನೀವು ಹೋಗುವುದಾದರೆ ಪಾಸ್‌ಪೋರ್ಟು ಕೈಯಲ್ಲಿರಲಿ, ಬೆಳಗಿನ ಏಳಕ್ಕೆಲ್ಲ ಹತ್ತಲು ಶುರುಮಾಡಿ. ಬಂಡೆಯ ನಡುಮಟ್ಟದ ಒಂದು ಕುಳಿಯಲ್ಲಿ ಇಪ್ಪತ್ತರಷ್ಟು ಹೆಂಗಸರ ಚಿತ್ರಗಳಿವೆ, ಸೊಂಟದವರೆಗೆ ಮೋಡ, ಕೈಯಲ್ಲಿ ಹೂವು. 1967ರಲ್ಲಿ ಯಾರೋ ಕಿಡಿಗೇಡಿಗಳು ಇವಕ್ಕೆ ಹಸಿರು ಬಣ್ಣ ಬಳಿದು ಹೋಗಿದ್ದರು. ಬಹಳ ಕಷ್ಟಪಟ್ಟು ತೆಗೆಸಿದರಂತೆ. ಈಗ ಫೋಟೋ ತೆಗೆಯುವಂತಿಲ್ಲ.

ಚಿತ್ರಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕನ್ನಡಿ ಗೋಡೆ. ಗಾರೆಯನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿದ ಗೋಡೆ ಅದು. ಕಾಶ್ಯಪ ಸತ್ತು, ಕೋಟೆ ಹಾಳುಬಿದ್ದ ಮೇಲೆ ನೋಡಲು ಬಂದವರು ಅದರ ಮೇಲೆ ಪದ್ಯ ಗೀಚಿ ಹೋದರು. ಸೆನರತ್ ಪರಣವಿತಾನ ಎಂಬ ವಿದ್ವಾಂಸರು 8ರಿಂದ 10ನೇ ಶತಮಾನದ 685 ಪದ್ಯಗಳನ್ನು ಓದಿ 1956ರಲ್ಲಿ ಪುಸ್ತಕ ಮಾಡಿದರು. ಬರೆದವರಲ್ಲಿ ಸೈನಿಕರು, ಭಿಕ್ಷುಗಳು, ಅಧಿಕಾರಿಗಳು ಇದ್ದಾರೆ. ಬಹುಪಾಲು ಗಂಡಸರು ಚಿತ್ರದ ಚೆಲುವೆಯರನ್ನು ಹೊಗಳಿದವರೇ. ಆದರೆ ಕೆಲವರು ಹೆಂಗಸರೂ ಇದ್ದಾರೆ! ಸಾವಿರದ ಇನ್ನೂರು ವರ್ಷದ ಹಿಂದೆ, ಸೀರೆ ಸೆರಗು ಸಿಕ್ಕಿಸಿಕೊಂಡು ಅಷ್ಟು ಎತ್ತರ ಹತ್ತಿ, ಬಂಡೆಯ ಸುಂದರಿಯರನ್ನು ಒಂದಿಷ್ಟು ಹೊಟ್ಟೆಕಿಚ್ಚಿನಿಂದಲೂ ಒಂದಿಷ್ಟು ಕನಿಕರದಿಂದಲೂ ನೋಡಿ, ತನಗನ್ನಿಸಿದ್ದನ್ನು ಗೀರಿ ಇಳಿದವರು. ಮನೆಯಲ್ಲಿ ಏನು ಹೇಳಿ ಬಂದಿದ್ದರೋ! ಅಕ್ಕ ಸಿಂಹದ ಪಾದದವರೆಗೆ ಹತ್ತಿ, ‘ನನಗಿಷ್ಟು ಸಾಕು’ ಎಂದು ಕುಳಿತಳು. ತುದಿಗೆ ಹೋಗಿ ಬಂದವರಲ್ಲಿ ನಾನು ಕಂಡದ್ದು ಹೆಮ್ಮೆ. ಅವಳ ಮುಖದಲ್ಲಿ ಇದ್ದದ್ದು ನೆಮ್ಮದಿ.

ಹತ್ತಿರದ ದಂಬುಳ್ಳದಲ್ಲಿ ಐದು ಗುಹೆಗಳು, ನೂರೈವತ್ತಕ್ಕೂ ಹೆಚ್ಚು ಬುದ್ಧನ ವಿಗ್ರಹಗಳು, ಬಂಡೆಯ ಸೂರಿಗೆ ಹಚ್ಚಡ ಹೊದಿಸಿದ ಹಾಗೆ ಚಿತ್ರಗಳು. ಸಂಘಮಿತ್ತೆ ಶುರುಮಾಡಿದ ಭಿಕ್ಷುಣಿಯರ ಪರಂಪರೆ ಲಂಕೆಯಲ್ಲಿ 11ನೇ ಶತಮಾನದ ಹೊತ್ತಿಗೆ ಅಳಿದುಹೋಗಿತ್ತು. 1996ರಲ್ಲಿ ನಮ್ಮ ಸಾರನಾಥದಲ್ಲಿ ಲಂಕೆಯ ಹತ್ತು ಜನ ಹೆಂಗಸರಿಗೆ ಪೂರ್ಣ ದೀಕ್ಷೆಯಾಯಿತು; 1998ರಲ್ಲಿ ಇದೇ ದಂಬುಳ್ಳದಲ್ಲಿ ಲಂಕೆಯ ನೆಲದ ಮೇಲೆಯೇ ಅದು ನಡೆಯಿತು. ಇದನ್ನು ಒಪ್ಪದ ಹಿರಿಯ ಭಿಕ್ಷುಗಳು ಬಹಳ ಮಂದಿ. ಆದರೂ ಕೇಸರಿ ಬಟ್ಟೆಯುಟ್ಟು ಛತ್ರಿ ಹಿಡಿದು ಗುಹೆಯ ಮೆಟ್ಟಿಲಿಳಿಯುತ್ತಿದ್ದ ಇಬ್ಬರು ಹೆಂಗಸರನ್ನು ನೋಡಿದಾಗ, ಅನುಲಾ ಕೇಳಿದ್ದು ಇನ್ನೂ ಕೇಳುತ್ತಲೇ ಇದೆ ಎನ್ನಿಸಿತು.

ಪೊಲೊನ್ನರುವದಲ್ಲಿ ಚೋಳರು ಕಟ್ಟಿದ ಶಿವಾಲಯವಿದೆ, ಲೀಲಾವತಿ ಎಂಬ ರಾಣಿ ಮೂರು ಸಲ ಪಟ್ಟವೇರಿ ಮೂರು ಸಲವೂ ಇಳಿದ ನೆನಪಿದೆ. ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಮಲಗಿದ ಬುದ್ಧ, 46 ಅಡಿ ಉದ್ದ. ತಲೆಯ ಭಾರಕ್ಕೆ ಕಲ್ಲಿನ ದಿಂಬು ತುಸು ತಗ್ಗಿದೆ. ‘ಕಲ್ಲನ್ನ ಹತ್ತಿ ಮಾಡಿದಾನಲ್ಲೇ’ ಎಂದಳು ಅಕ್ಕ. ಅದಕ್ಕಿಂತ ಹೆಚ್ಚಿಗೆ ನಾನು ಬರೆಯಲಾರೆ.

ಕ್ಯಾಂಡಿಯ ದಾರಿಯಲ್ಲಿ ಮೊಸರಿನ ಅಂಗಡಿಗಳ ಸಾಲು. ಎಮ್ಮೆಯ ಮೊಸರನ್ನು ಅಗಲ ಬಾಯಿಯ ಮಣ್ಣಿನ ಕುಡಿಕೆಗಳಲ್ಲೇ ಹೆಪ್ಪುಹಾಕಿ ಮಾರುತ್ತಾರೆ, ಮೇಲೆ ಬೈನೆ ಮರದ ಕಾಕಂಬಿ ಸುರಿದು ಕೊಡುತ್ತಾರೆ. ಅಲ್ಲಿನ ತೆಂಗಿನಕಾಯಿ ಚಟ್ನಿಯಲ್ಲೂ ಒಣಮೀನಿನ ಪುಡಿ ಇರುವುದರಿಂದ ಶಾಕಾಹಾರಿಗಳಾದ ನಮಗೆ ಒತ್ತುಶ್ಯಾವಿಗೆ, ಬೇಳೆಸಾರು, ರಾಗಿರೊಟ್ಟಿ ಮತ್ತು ಈ ಮೊಸರೇ ಗತಿ. ರಾಗಿಗೆ ಅಲ್ಲಿ ಕುರಕ್ಕನ್ ಎನ್ನುತ್ತಾರೆ. ಅಕ್ಕ ಅಂಗಡಿಯಾಕೆಯನ್ನು ಕೈಸನ್ನೆಯಲ್ಲೇ ವಿಚಾರಿಸಿ, ಹೆಪ್ಪು ಅವಳ ಅತ್ತೆಯ ಕಾಲದಿಂದ ಬಂದದ್ದೆಂದು ತಿಳಿದುಕೊಂಡಳು. ‘ನಮ್ಮನೇದೂ ಅತ್ತೆದೇ’ ಎಂದು ನನ್ನ ಕಡೆ ತಿರುಗಿ ಹೇಳಿದಳು, ನನಗೆ ಗೊತ್ತಿಲ್ಲದ ಸುದ್ದಿಯೆಂಬಂತೆ.

ಕ್ಯಾಂಡಿಯ ದೇವಾಲಯದಲ್ಲಿ ಬುದ್ಧನ ಹಲ್ಲನ್ನು ಪೂಜಿಸುತ್ತಾರೆ. ಹಲ್ಲು ಕಾಣಿಸುವುದಿಲ್ಲ, ಬಂಗಾರದ ಕರಂಡಗಳು ಕಾಣಿಸುತ್ತವೆ. ಡೋಲು ಬಡಿಯುತ್ತದೆ, ಮಲ್ಲಿಗೆಯ ರಾಶಿ ಬೀಳುತ್ತದೆ, ಬಾಗಿಲು ತೆರೆದ ಒಂದೆರಡು ಕ್ಷಣ ಜನ ಮುಂದೆ ಸರಿಯುತ್ತಾರೆ. ಇದನ್ನು 4ನೇ ಶತಮಾನದಲ್ಲಿ ತಂದವಳು ಕಳಿಂಗದ ರಾಜಕುಮಾರಿ ಹೇಮಮಾಲಿ. ಯುದ್ಧದಲ್ಲಿ ಅಪ್ಪನ ರಾಜ್ಯ ಮುಳುಗುವಾಗ, ಮಾರುವೇಷದಲ್ಲಿ ಗಂಡನೊಡನೆ ಹಡಗು ಹತ್ತಿ, ಹಲ್ಲನ್ನು ತನ್ನ ತುರುಬಿನೊಳಗೆ ಅಡಗಿಸಿ ತಂದಳೆಂದು ಅಲ್ಲಿನ ಐತಿಹ್ಯ. ಅನುರಾಧಪುರ ಬಿದ್ದಾಗ ಅದು ಪೊಲೊನ್ನರುವಕ್ಕೆ ಹೋಯಿತು. ರಾಜಧಾನಿ ಬದಲಾದಾಗಲೆಲ್ಲ ಊರಿಂದ ಊರಿಗೆ ಹೋಗಿ ಕೊನೆಗೆ ಕ್ಯಾಂಡಿ ಸೇರಿತು. 1998ರ ಜನವರಿ 25ರ ಬೆಳಗ್ಗೆ ಎಲ್‌ಟಿಟಿಇಯವರು ಸಿಡಿಮದ್ದು ತುಂಬಿದ ಲಾರಿ ನುಗ್ಗಿಸಿ ಈ ಬಾಗಿಲನ್ನು ಒಡೆದರು. ಮಲ್ಲಿ ಆಗ ಶಾಲೆಯ ಹುಡುಗ. ಮನೆಯ ಹಂಚು ಅದುರಿತ್ತಂತೆ. ದುರಸ್ತಿಗೆಂದು ಅವನ ತಾಯಿ ತನ್ನ ಒಂದು ಬಳೆ ಕೊಟ್ಟಿದ್ದಳೆಂದು ಹೇಳಿದ.

ರಾತ್ರಿ ಕೋಣೆಯಲ್ಲಿ ಅಕ್ಕ ಜಡೆ ಬಿಚ್ಚಿಕೊಳ್ಳುತ್ತ, ‘ಅವಳು ಜಾಣೆ. ತುರುಬಿಗೆ ಯಾರೂ ಕೈ ಹಾಕಲ್ಲ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಅರಮನೆ ಹೊತ್ಕೊಂಡು ಬರೋಕಾಗಲ್ಲ ನೋಡು. ತುರುಬಲ್ಲಿ ಹಿಡಿಸೋದನ್ನ ತರಬೇಕು’ ಎಂದಳು. ಮಾರುವ ಕಡೆ ಮನಸ್ಸು ವಾಲಿತೆಂದು ನನಗನ್ನಿಸಿತು.

ಮರುದಿನ ನುವರ ಎಲಿಯದ ಏರುದಾರಿ. ಎರಡೂ ಕಡೆ ಚಹಾ, ಬಾಚಿದ ತಲೆಯಂತೆ ನುಣ್ಣಗೆ. 1867ರಲ್ಲಿ ಜೇಮ್ಸ್ ಟೇಲರ್ ಎಂಬ ಸ್ಕಾಟ್‌ಲೆಂಡಿನವನು ಮೊದಲ ಚಹಾ ತೋಟ ಹಾಕಿದ. ಅದೇ ಹೊತ್ತಿಗೆ ಕಾಫಿಗೆ ತುಕ್ಕುರೋಗ ಬಿದ್ದು ಬೆಟ್ಟವೆಲ್ಲ ಚಹಾ ಆಯಿತು. ದುಡಿಯಲು ಬಂದವರು ತಮಿಳುನಾಡಿನ ಬಡವರು, ಮನ್ನಾರಿನಿಂದ ಕಾಡುದಾರಿಯಲ್ಲಿ ನಡೆದೇ ಬಂದವರು. ಎಷ್ಟೋ ಜನ ದಾರಿಯಲ್ಲೇ ಸತ್ತರು. ಇವರನ್ನು 1948ರ ಕಾನೂನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಕೂತು ತಲೆ ಎಣಿಸಿ ಹಂಚಿಕೊಂಡರು. ಉಳಿದವರಿಗೆಲ್ಲ ಪೌರತ್ವ ಸಿಗಲು 2003 ಬರಬೇಕಾಯಿತು. ಎಲೆ ಕೀಳುತ್ತಿದ್ದ ಒಬ್ಬ ಅಜ್ಜಿಯೊಡನೆ ನನ್ನ ಹರಕು ತಮಿಳಿನಲ್ಲಿ ಮಾತಾಡಿದೆ. ಊರು ಯಾವುದೆಂದರೆ, ತಿರುಚಿರಾಪಳ್ಳಿ ಎಂದಳು. ಅಲ್ಲಿಗೆ ಹೋಗಿದ್ದೀರಾ ಎಂದರೆ, ಇಲ್ಲ, ಅಜ್ಜಿಯ ಅಜ್ಜಿ ಬಂದದ್ದು ಎಂದಳು. ಬೆನ್ನಮೇಲಿನ ಬುಟ್ಟಿಯ ಹಗ್ಗ ಹಣೆಗೆ ಗೀರು ಮಾಡಿತ್ತು.

ಕಾರಿಗೆ ಬಂದ ಮೇಲೆ ಅಕ್ಕ, ‘ಇವರೂ ಹೊತ್ಕೊಂಡೇ ಬಂದೋರು. ಊರೂರಿನ ಮಾರಿಯಮ್ಮನ್ನ ತಂದಿದಾರೆ’ ಎಂದಳು. ತೋಟದ ಅಂಚಿನಲ್ಲಿ ಪುಟ್ಟ ಗುಡಿ ಇತ್ತು. ‘ಆದ್ರೆ ಮರದ ಕೊಂಬೆಗೆ ರಾಜ ಕಟ್ಟೆ ಕಟ್ಟಿಸಿದ. ಇವರಿಗೆ ಯಾರು ಕಟ್ಟಿಸಿದ್ರು?’ ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ದೂರದ ಸೀತಾ ಎಲಿಯದಲ್ಲಿ, ಸೀತೆ ಕುಳಿತಿದ್ದಳೆಂದು ನಂಬುವ ತೊರೆಯ ದಂಡೆಯ ಗುಡಿಯಲ್ಲಿ, ಇದೇ ತೋಟದ ಹೆಂಗಸರು ದೀಪ ಹಚ್ಚುತ್ತಿದ್ದರು.

ಹಾರ್ಟನ್ ಪ್ಲೇನ್ಸಿಗೆ ನಾನು ಬೆಳಗಿನ ಜಾವವೇ ಹೋದೆ. 2010ರಲ್ಲಿ ಪರಂಪರೆಯ ಪಟ್ಟಿ ಸೇರಿದ ಮಧ್ಯ ಬೆಟ್ಟಸೀಮೆಯ ಭಾಗ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದ ಹುಲ್ಲುಬಯಲು, ಕಡವೆಗಳ ಹಿಂಡು, ಕಣಿವೆಗಳಲ್ಲಿ ಕುಬ್ಜ ಕಾಡು. ಬಾಗಿಲಲ್ಲೇ ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಎತ್ತಿಕೊಳ್ಳುತ್ತಾರೆ. ಕುದುರೆಮುಖದ ಶೋಲಾ ಕಾಡೇ ಸಮುದ್ರ ದಾಟಿ ಬಂದಂತಿತ್ತು. ಸಮುದ್ರ ತಗ್ಗಿದ್ದ ಕಾಲದಲ್ಲಿ ಈ ದ್ವೀಪ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಪಶ್ಚಿಮಘಟ್ಟವನ್ನೂ ಲಂಕೆಯನ್ನೂ ಜೀವವಿಜ್ಞಾನಿಗಳು ಒಂದೇ ಸೀಮೆಯಾಗಿ ಎಣಿಸುತ್ತಾರೆ. ಗಾಳಿ, ಹಕ್ಕಿ, ಹೊಳೆ ಬೀಜ ಹೊರುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಸಿಂಹರಾಜ ಕಾಡಿನಲ್ಲಿ ಮಳೆ ಹಿಡಿಯಿತು. ಪ್ಲೈವುಡ್ಡಿಗಾಗಿ 1970ರ ದಶಕದಲ್ಲಿ ಇಲ್ಲಿ ಯಂತ್ರ ಹಚ್ಚಿ ಮರ ಕಡಿದಿದ್ದರು. ಜನ ಎದ್ದು ನಿಂತದ್ದರಿಂದ ನಿಂತಿತು. ನಮ್ಮ ಸಿರ್ಸಿ ಕಡೆ 1983ರಲ್ಲಿ ಹೆಂಗಸರೂ ಗಂಡಸರೂ ಮರ ತಬ್ಬಿ ನಿಂತ ಅಪ್ಪಿಕೋ ನೆನಪಾಯಿತು. ಮಲೆನಾಡಿನ ಅಕ್ಕ ಉಂಬಳ ಕಂಡು ಒಂದಿಷ್ಟೂ ಹೆದರದೆ, ಸುಣ್ಣ ತರಬೇಕಿತ್ತು ಎಂದಳಷ್ಟೆ.

ಕೊನೆಯದು ಗಾಲ್. ಪೋರ್ಚುಗೀಸರು ಶುರುಮಾಡಿ ಡಚ್ಚರು ಬೆಳೆಸಿದ ಕಡಲಕೋಟೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕೋಟೆಗೋಡೆ ಒಳಗಿನ ಊರನ್ನು ಕಾಯಿತು. ಹೊರಗಿನ ಬಸ್‌ಸ್ಟ್ಯಾಂಡನ್ನು ನೀರು ಬಳಿದುಕೊಂಡು ಹೋಯಿತು. ಕೋಟೆಯ ಬೀದಿಯಲ್ಲಿ ಒಬ್ಬಾಕೆ ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ, ಮರದ ಕಡ್ಡಿಗಳಿಗೆ ಸುತ್ತಿದ ದಾರವನ್ನು ಅತ್ತಿತ್ತ ದಾಟಿಸುತ್ತ ಲೇಸು ಹೆಣೆಯುತ್ತಿದ್ದಳು. ಬೀರಾಲು ಎನ್ನುತ್ತಾರೆ, ಪೋರ್ಚುಗೀಸರ ಕಾಲದಿಂದ ಬಂದ ಕೈಕೆಲಸ. ಕೋಟೆ ಕಟ್ಟಿದವರ ತೋಪುಗಳು ತುಕ್ಕುಹಿಡಿದಿವೆ. ದಾರ ಇನ್ನೂ ಕೈಯಲ್ಲಿ ಆಡುತ್ತಿದೆ.

ಕೊಲಂಬೊ ಕಡೆಗೆ ಹೆದ್ದಾರಿ ಹಿಡಿದಾಗ ಅಕ್ಕ ತಾನಾಗಿ ಬಾಯಿಬಿಟ್ಟಳು. ‘ಸೊಸೆ ಅಮೆರಿಕಕ್ಕೆ ಹೋಗುವಾಗ ನನ್ನ ಮೊಸರಲ್ಲಿ ಬಟ್ಟೆ ಅದ್ದಿ ಒಣಗಿಸಿಕೊಂಡು ಹೋಗಿದ್ಲು, ನೆನಪಿದೆಯಾ? ಅಲ್ಲಿ ಇವತ್ತಿಗೂ ಅದೇ ಹೆಪ್ಪು. ಒಯ್ಯಬೇಕಾದ್ದು ಆಗಲೇ ಹೋಗಿದೆ ಕಣೇ. ನನ್ನನ್ನೂ ಬೇರೆ ಯಾಕೆ ಒಯ್ಯಬೇಕು?’ ಆಮೇಲೆ ಲೆಕ್ಕ ಹಾಕಿದವಳಂತೆ ನಿಧಾನವಾಗಿ ಹೇಳಿದಳು. ತೋಟವನ್ನು ಮೂವತ್ತು ವರ್ಷದಿಂದ ನೋಡಿಕೊಂಡ ಮನೆಯವರಿಗೆ ಎರಡೆಕರೆಯನ್ನು ಅವರಿಂದಾಗುವ ಬೆಲೆಗೆ ಕೊಡುವುದು. ಮನೆ, ಬಾವಿ, ಸುತ್ತಲಿನ ಒಂದೆಕರೆ ತಾನಿರುವವರೆಗೆ ತನ್ನದು. ಮಕ್ಕಳು ಬರಲಿ, ಹೋಗಲಿ. ಚಹಾ ತೋಟದ ಅಜ್ಜಿಯ ಹೆಸರನ್ನು ಅವಳು ಎತ್ತಲಿಲ್ಲ. ಆದರೆ ‘ನೀರು ಹೊಯ್ದೋರಿಗೆ ನೆಲ ಸಿಗಬೇಕು’ ಎಂದಳು.

ಯುಗಾದಿಯ ದಿನ ಮಕ್ಕಳಿಗೆ ಇದನ್ನೇ ಹೇಳಿದಳಂತೆ. ದೊಡ್ಡವನು ಎರಡು ದಿನ ಮಾತು ಬಿಟ್ಟ, ಮೂರನೆಯ ದಿನ ಪತ್ರಕ್ಕೆ ಯಾವ ವಕೀಲರು ಬೇಕೆಂದು ವಿಚಾರಿಸಿದ.